ಮೋಡವಿಲ್ಲದ ದಿನದ ಹಳ್ಳ

ನೇಪಾಳಕ್ಕೆ ನಾವು ನಾಲ್ವರು ಹೋಗಿ ಮೂವರು ಮರಳಿ ಬಂದೆವು. ಬಾರದೆ ಉಳಿದವನು ನನ್ನ ಮೈದುನ ವೈಜಿನಾಥ. ಭಾಲ್ಕಿಯ ಬಸ್ ನಿಲ್ದಾಣದ ಹತ್ತಿರ ಬೈಕ್ ಗ್ಯಾರೇಜ್ ಇದ್ದವನು ಎಂದರೆ ಅಲ್ಲಿ ಬಹಳ ಜನಕ್ಕೆ ಗುರುತು ಹತ್ತುತ್ತದೆ. ಅವನ ಬಗ್ಗೆ ಈಗ ಊರಲ್ಲಿ ತಲೆಗೊಂದು ಮಾತು. ಅಲ್ಲಿ ಮೇಘ ಒಡೆಯಿತಂತೆ, ತುಂಬಿದ ಹೊಳೆಯಲ್ಲಿ ಬೈಕ್ ಇಳಿಸಿದನಂತೆ, ಕುಡಿದಿದ್ದನಂತೆ. ಮೂರೂ ನಿಜವಲ್ಲ. ಮಳೆ ಇರಲಿಲ್ಲ. ಬೈಕ್ ದಂಡೆಯ ಮೇಲೆ ನಿಂತಿತ್ತು. ಅವನು ಚಹಾ ಬಿಟ್ಟು ಬೇರೇನೂ ಕುಡಿಯುವವನಲ್ಲ. ನಾನು ಅಲ್ಲಿದ್ದೆ, ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ಪ್ರವಾಸದಲ್ಲಿ ಸುಖವೂ ಇತ್ತು. ಅದನ್ನು ಬಿಟ್ಟರೆ ಅವನು ಎಂಥವನೆಂದು ಓದುವವರಿಗೆ ತಿಳಿಯುವುದಿಲ್ಲ.

ಔರಾದ

ನಮ್ಮ ಮನೆಯವರದೂ ವೈಜಿನಾಥನದೂ ಹುಟ್ಟೂರು ಔರಾದ. ಮದುವೆಯಾದ ಮೇಲೆ ನಾವು ಬೀದರಿನಲ್ಲಿ ನೆಲೆಸಿದೆವು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ, ಅವರು ಪಶು ಆಸ್ಪತ್ರೆಯಲ್ಲಿ ನೌಕರಿ ಮಾಡುತ್ತಾರೆ. ಬೈಕಿಗೆ ಗುಡಾರ ಕಟ್ಟಿಕೊಂಡು ದಾರಿಯಿಲ್ಲದ ಕಡೆ ಹೋಗುವ ಹುಚ್ಚು ವೈಜಿನಾಥನದು. ಅದನ್ನು ಮೊದಲು ನಮ್ಮ ಮಗಳು ಅಂಬಿಕಾಗೆ ಹಚ್ಚಿದ, ಆಮೇಲೆ ಅಣ್ಣನಿಗೆ, ಕೊನೆಗೆ ನನಗೆ.

ಮೊದಲ ಸಲ ಗುಡಾರ ಹೂಡಿದ್ದು ಅಷ್ಟೂರಿನ ಗುಮ್ಮಟಗಳಾಚೆಯ ಬಯಲಿನಲ್ಲಿ. ದನ ಹೊಡೆದುಕೊಂಡು ಬಂದ ಒಬ್ಬ ಮುದುಕ ನಮ್ಮನ್ನು ಸುತ್ತು ಹಾಕಿ ನೋಡಿದ.

"ಬೀದರದಾಗ ಮನಿ ಬಾಡಿಗಿ ಅಷ್ಟು ಏರ್ಯಾದೇನ್ರಿ?"

"ಹೌದ್ರಿ ಕಾಕಾ," ಎಂದ ವೈಜಿನಾಥ. "ನಿಮ್ಮ ಕೊಟ್ಟಿಗಿ ಖಾಲಿ ಅದೇನ್ರಿ?"

ನಿಜವಾದ ತಾಲೀಮು ನಡೆದದ್ದು ಔರಾದಿನ ಯರೆ ಹೊಲಗಳಲ್ಲಿ. ಮಳೆಗಾಲದಲ್ಲಿ ಅಲ್ಲಿನ ಕಪ್ಪು ಮಣ್ಣು ಗಾಲಿಗೆ ಮೆತ್ತಿಕೊಂಡರೆ ಬೈಕ್ ಅಲುಗುವುದಿಲ್ಲ. ಇಳಿದು ಕಟ್ಟಿಗೆಯ ಚೂರಿನಿಂದ ಮಣ್ಣು ಕೆರೆದು ನಾಲ್ಕು ಮಾರು ಹೋಗುವುದು, ಮತ್ತೆ ಇಳಿಯುವುದು. ಹಳ್ಳ ದಾಟುವ ರೀತಿಯನ್ನು ನನಗೆ ಕಲಿಸಿದ್ದೂ ಅಲ್ಲೇ. ಮೊದಲು ಆಕಾಶ ನೋಡಬೇಕು. ಮೋಡವಿದ್ದರೆ ನೀರಿಗೆ ಇಳಿಯಬಾರದು. ಮೋಡ ಸರಿದಿದ್ದರೆ ನೀರಿನ ಅಂಚಿಗೆ ಒಂದು ಕಲ್ಲಿಟ್ಟು ಒಂದು ತಾಸು ಕೂಡಬೇಕು. ನೀರು ಕಲ್ಲು ಬಿಟ್ಟು ಹಿಂದೆ ಸರಿದರೆ ಒಬ್ಬರು ಕೋಲು ಹಿಡಿದು ನಡೆದು ದಾಟಬೇಕು. ಬೈಕ್ ಆಮೇಲೆ. ನಮ್ಮ ಕಡೆಯ ಹಳ್ಳಗಳು ಮಳೆಯ ಜೊತೆ ಬರುತ್ತವೆ, ಮಳೆಯ ಹಿಂದೆ ಹೋಗುತ್ತವೆ. ಇದನ್ನು ಅಲ್ಲಿ ಯಾರೂ ಕುಳಿತು ಯೋಚಿಸುವುದಿಲ್ಲ.

ವೈಜಿನಾಥನ ಹೆಂಡತಿ ಮಹಾನಂದಾ ಭಾಲ್ಕಿಯಲ್ಲಿ ನರ್ಸ್. ಅವಳಿಗೆ ರಜೆ ಸಿಗಲಿಲ್ಲ. ನಮ್ಮ ಮನೆಯವರಿಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಬೇಕು. ಅದು ಬಿಸಿಲಿಗೆ ಕೆಡದಂತೆ ಮಹಾನಂದಾ ಒಂದು ಸಣ್ಣ ಮಣ್ಣಿನ ಗಡಿಗೆಯಲ್ಲಿ ಮರಳು ಹಾಕಿ, ಮರಳಿನ ನಡುವೆ ಡಬ್ಬಿಯಿಟ್ಟು, ಮೇಲೆ ಒದ್ದೆ ಬಟ್ಟೆ ಸುತ್ತಿ ಗಂಡನ ಕೈಗೆ ಕೊಟ್ಟಳು.

"ಭಾವನೋರ ಇಂಜೆಕ್ಷನ್ ನಿಮ್ಮ ಜಿಮ್ಮಾ ನೋಡ್ರಿ."

"ಬಟ್ಟಿ ಒಣಗಲಾರದಂಗ ನೋಡ್ಕೋತೇನಿ. ನಾಲ್ಕು ದಿನ ಗ್ಯಾರೇಜಿನ ಕಡಿ ನೀನೂ ಹೋಗಿ ನೋಡು."

"ನೋಡ್ತೇನಿ. ಪಂಕ್ಚರ್‌ಗೂ ಇಂಜೆಕ್ಷನ್ ಮಾಡಿ ಕಳಸ್ತೇನಿ."

ಗಡಿ

ಎರಡು ಬೈಕು. ಒಂದರಲ್ಲಿ ನಮ್ಮ ಮನೆಯವರು ಮತ್ತು ನಾನು, ಇನ್ನೊಂದರಲ್ಲಿ ವೈಜಿನಾಥ ಮತ್ತು ಅಂಬಿಕಾ. ಗೋರಖಪುರ ದಾಟಿ ಸೋನೌಲಿಗೆ ಬರುವ ಹೊತ್ತಿಗೆ ಜೋಳದ ಹಿಟ್ಟಿನ ಪಾಕೀಟು ಒಡೆದು ನಮ್ಮ ಚೀಲವೆಲ್ಲ ಬೆಳ್ಳಗಾಗಿತ್ತು. ಗಡಿಯ ಅಧಿಕಾರಿ ಬೆರಳಿಗೆ ಹಿಟ್ಟು ಹಚ್ಚಿಕೊಂಡು ಮೂಸಿ, ಇದೇನೆಂದು ಕೇಳಿದ. ವೈಜಿನಾಥ ತನ್ನ ಡಬ್ಬಿಯಿಂದ ಅದೇ ಹಿಟ್ಟಿನ ಒಂದು ಒಣ ಕಟಿ ರೊಟ್ಟಿ ತೆಗೆದು ಕೊಟ್ಟ. ಅಧಿಕಾರಿ ಮುರಿದು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದು, ಮುದ್ರೆ ಒತ್ತಿದ.

ನೇಪಾಳದ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದೆ. ಅದು ವೈಜಿನಾಥನಿಗೆ ಬಹಳ ಮೋಜೆನಿಸಿತು. ಆವತ್ತು ಫೋನಿನಲ್ಲಿ ಮಹಾನಂದಾಗೆ, "ಇನ್ನ ನಿನಗಿಂತ ಮೊದಲ ಮುದುಕ ಆಗ್ತೇನಿ ನೋಡು," ಎನ್ನುತ್ತಿದ್ದ.

ಪೋಖರಾ ಬಿಟ್ಟ ಮೇಲೆ ಡಾಂಬರು ಮುಗಿಯಿತು. ಮುಂದಿನದು ನದಿಯ ಪಕ್ಕದಲ್ಲಿ ಗುಡ್ಡ ಕೊರೆದ ಹಾದಿ, ಕಲ್ಲು ಮತ್ತು ಕೆಸರು. ಬೈಕ್ ನನ್ನ ಕೈಯಲ್ಲಿದ್ದಾಗ ನಾನು ಎರಡು ಸಲ ಬಿದ್ದೆ. ಮೊದಲನೆಯ ಸಲ ಎಲ್ಲರೂ ಓಡಿ ಬಂದರು. ಎರಡನೆಯ ಸಲ ವೈಜಿನಾಥ ಬೈಕ್ ಎತ್ತಿ ಅದರ ಕನ್ನಡಿಯನ್ನು ಮೊದಲು ನೋಡಿದ. "ವೈನಿ, ನಿಮ್ಮ ಮೊಣಕಾಲು ತಾನ ಕೂಡ್ತದ. ಇದು ಇಲ್ಲಿ ಸಿಗಂಗಿಲ್ಲ."

ಕಾಗಬೇನಿ

ಮೇಲಕ್ಕೆ ಹೋದಂತೆ ಮರಗಳು ಹೋದವು. ಕಾಗಬೇನಿಯ ಸುತ್ತ ಗುಡ್ಡಗಳೆಲ್ಲ ಬೋಳು, ಬೂದು ಬಣ್ಣ. ಗೋಡೆ ಕಟ್ಟಿದ ಸಣ್ಣ ಹೊಲಗಳಲ್ಲಿ ಮಾತ್ರ ಹಸಿರು. ಬೇಸಿಗೆಯ ಬೀದರ ಕಂಡವರಿಗೆ ಬೋಳು ನೆಲ ಹೊಸದಲ್ಲ. ಆದರೆ ನಮ್ಮ ನೆಲ ಮಳೆಗೆ ಕಾದು ಕೂತಿರುತ್ತದೆ. ಆ ಸೀಮೆಗೆ ಮಳೆಯ ಹಂಗಿಲ್ಲ, ಮಳೆ ಬೀಳುವುದೇ ಕಡಿಮೆ. ಹೊಲಕ್ಕೆ ಬರುವುದು ಹಿಮದ ನೀರು. ಇದನ್ನು ಅಲ್ಲಿಯ ಜನ ನಮಗೆ ಹೇಳಿದ್ದರು, ನಾವು ತಲೆಯಾಡಿಸಿದ್ದೆವು.

ಮಧ್ಯಾಹ್ನ ಸಮೀಪಿಸಿದರೆ ಕೆಳಗಿನಿಂದ ಗಾಳಿ ಏಳುತ್ತದೆ, ಸಂಜೆಯವರೆಗೆ ಬಿಡುವುದಿಲ್ಲ. ಮೊದಲ ದಿನ ನಮ್ಮ ಒಂದು ಗುಡಾರವನ್ನು ಎತ್ತಿ ಒಯ್ದು ಯಾರದೋ ಮೂಲಂಗಿ ಹೊಲದಲ್ಲಿ ಇಳಿಸಿತು. ಆದ್ದರಿಂದ ಮರುದಿನ ಬೆಳಕು ಹರಿಯುತ್ತಲೇ ಪಕ್ಕದ ಒಂದು ಕಣಿವೆಗೆ ಹೊರಳಿ, ಗಾಳಿ ತಾಗದ ಒಂದು ಸಮತಟ್ಟಾದ ಜಾಗದಲ್ಲಿ ಗುಡಾರ ಹೂಡಿದೆವು. ಮುಂದೆಯೇ ಒಂದು ಹಳ್ಳ. ಆಚೆ ದಂಡೆಯಿಂದ ಹಾದಿ ಏರಿ ಒಂದು ಹಳ್ಳಿಗೆ ಹೋಗುತ್ತದೆ.

ಆಗ ಹಳ್ಳದಲ್ಲಿ ನೀರು ಮೊಣಕಾಲಿನ ಕೆಳಗಿತ್ತು. ತಳದ ಕಲ್ಲು ಎಣಿಸುವಷ್ಟು ತಿಳಿ. ವೈಜಿನಾಥ ಕೋಲು ಹಿಡಿದು ದಾಟಿ ತೋರಿಸಿದ, ಆಮೇಲೆ ಬೈಕುಗಳು ದಾಟಿದವು. ಗುಡಾರ, ಹಾಸಿಗೆ, ಗಡಿಗೆ ಎಲ್ಲವನ್ನೂ ಈಚೆ ದಂಡೆಯಲ್ಲಿ ಬಿಟ್ಟೆವು. ಸಂಜೆಯೊಳಗೆ ಬಂದುಬಿಡುವುದಿತ್ತು.

ಮೇಲಿನ ಹಳ್ಳಿಯಲ್ಲಿ ಪೇಮಾ ಎಂಬ ಹೆಂಗಸು ನಮ್ಮನ್ನು ಮನೆಗೆ ಕರೆದಳು. ಚಳಿಗಾಲದಲ್ಲಿ ಬನಾರಸಕ್ಕೆ ಇಳಿದು ಸ್ವೆಟರ್ ಮಾರುವವಳು, ಹಿಂದಿ ಚೆನ್ನಾಗಿ ಬರುತ್ತಿತ್ತು. ಉಪ್ಪು, ಬೆಣ್ಣೆ ಹಾಕಿದ ಚಹಾ ಕೊಟ್ಟಳು. ಅಲ್ಲಿ ಬಟ್ಟಲು ಖಾಲಿಯಾಗಲು ಬಿಡುವುದಿಲ್ಲ, ಒಂದು ಗುಟುಕು ಕುಡಿದರೆ ಮತ್ತೆ ತುಂಬುತ್ತಾರೆ. ಬೇಡವೆಂದರೆ ಬಟ್ಟಲನ್ನು ತುಂಬಿದ ಹಾಗೇ ಬಿಡಬೇಕು. ನಮಗಿದು ಗೊತ್ತಿರಲಿಲ್ಲ. ತಟ್ಟೆಯಲ್ಲಿ ಬಿಡಬಾರದೆಂದು ಬೆಳೆದ ವೈಜಿನಾಥ ಪ್ರತಿ ಸಲವೂ ಕುಡಿದು ಮುಗಿಸಿದ.

"ವೈನಿ, ಹೊಟ್ಟ್ಯಾಗ ಚಹಾ ತುಳುಕಾಡ್ತದ. ನನ್ನ ಉಳಸ್ರಿ."

"ಕಾಕಾ, ಪೂರಾ ಕುಡೀಬ್ಯಾಡ," ಎಂದಳು ಅಂಬಿಕಾ. "ಅದಕ್ಕ ಹಾಕ್ಲತಾರ."

"ಸಕ್ಕರಿ ಇಲ್ಲದ ಚಹಾ," ಎಂದರು ನಮ್ಮ ಮನೆಯವರು. "ನಾ ಇಲ್ಲೇ ಇರ್ತೇನಿ, ನೀವು ಹೋಗ್ರಿ."

ಹಳ್ಳ

ಇಳಿದು ಬರುವಾಗ ಆಕಾಶ ನೀಲಿಯಾಗಿತ್ತು, ಎಲ್ಲಿಯೂ ಮೋಡವಿಲ್ಲ. ನಾನು ಇದನ್ನು ನೆನಪಿಟ್ಟಿದ್ದೇನೆ, ಏಕೆಂದರೆ ಹಳ್ಳದ ಸದ್ದು ಕೇಳಿದ ಕೂಡಲೇ ನಾಲ್ವರೂ ಮೇಲೆ ನೋಡಿದೆವು.

ನೀರು ಮೊಣಕಾಲು ದಾಟಿತ್ತು. ಬಣ್ಣ ಬೂದು, ಸಿಮೆಂಟು ಕಲಸಿದ ಹಾಗೆ. ಆಚೆ ದಂಡೆಯಲ್ಲಿ ನಮ್ಮ ಗುಡಾರಗಳು ಬೆಳಿಗ್ಗೆ ಬಿಟ್ಟ ಹಾಗೆಯೇ ನಿಂತಿದ್ದವು.

"ಮ್ಯಾಲ ಎಲ್ಲೋ ಮಳಿ ಆಗಿರಬೇಕು," ಎಂದರು ನಮ್ಮ ಮನೆಯವರು. "ನಿಂತದ. ಈಗ ಇಳಿತಾವ ನೀರು."

ಅವರು ನೀರಿನ ಅಂಚಿಗೆ ಒಂದು ಕಲ್ಲಿಟ್ಟರು. ನಾವು ಕುಳಿತೆವು. ಆಡುಗಳನ್ನು ಹೊಡೆದುಕೊಂಡು ಪೇಮಾ ಅದೇ ಹಾದಿಯಲ್ಲಿ ಬಂದಳು. ಇವತ್ತು ಆಗುವುದಿಲ್ಲ, ನನ್ನ ಮನೆಯಲ್ಲಿ ಮಲಗಿ, ಬೆಳಿಗ್ಗೆ ದಾಟಿ ಎಂದಳು. ನಾವು ಕೃತಜ್ಞತೆಯಿಂದಲೇ ಕೇಳಿಸಿಕೊಂಡೆವು. ಸ್ವಲ್ಪ ಹೊತ್ತು ನೋಡುತ್ತೇವೆ, ಇಳಿಯದಿದ್ದರೆ ಬರುತ್ತೇವೆ ಎಂದರು ನಮ್ಮ ಮನೆಯವರು. ಅವಳು ಹೋಗಲಿಲ್ಲ, ಆಡುಗಳನ್ನು ನಿಲ್ಲಿಸಿಕೊಂಡು ಅಲ್ಲೇ ಕುಳಿತಳು.

ಕಲ್ಲು ಮುಳುಗಿತು. ಅವರು ಇನ್ನೊಂದು ಕಲ್ಲನ್ನು ಸ್ವಲ್ಪ ಮೇಲೆ ಇಟ್ಟರು. ಅದರ ಅರ್ಧ ಮುಳುಗಿ, ಆಮೇಲೆ ಬಹಳ ಹೊತ್ತು ಹಾಗೆಯೇ ಇತ್ತು. ಆ ಹೊತ್ತನ್ನೇ ನಾವು ನೀರು ಇಳಿಯುವ ಮುನ್ಸೂಚನೆ ಎಂದುಕೊಂಡೆವು. ಔರಾದಿನಲ್ಲಿ ಹಾಗೆಯೇ ಆಗುತ್ತದೆ. ಹಗಲೆಲ್ಲ ಬಿಸಿಲಿಗೆ ಕರಗಿದ ಹಿಮ ಸಂಜೆಗೆ ಕೆಳಗೆ ಬಂದು ಮುಟ್ಟುತ್ತದೆ, ಮೋಡವಿಲ್ಲದ ದಿನವೇ ಅಲ್ಲಿ ನೀರು ಹೆಚ್ಚು ಎಂಬುದನ್ನು ಆಮೇಲೆ ಪೊಲೀಸ್ ಠಾಣೆಯಲ್ಲಿ ಹೇಳಿದರು. ಆಗ ಕೇಳಿಸಿಕೊಳ್ಳಲು ನಾವು ಮೂವರೇ ಇದ್ದೆವು.

ವೈಜಿನಾಥ ಎದ್ದು ಕೋಲು ತೆಗೆದುಕೊಂಡ.

"ಇಂಜೆಕ್ಷನ್ ಆ ಕಡಿ ಅದ. ನಾ ಒಬ್ಬಾವ ಹೋಗಿ ತರ್ತೇನಿ. ಹಾಸಿಗಿ ನಾಳಿ ನೋಡೋಣ."

"ಒಂದು ದಿನ ತಗೊಳ್ಳಿಲ್ಲಂದ್ರ ನಾ ಸಾಯಂಗಿಲ್ಲ," ಎಂದರು ನಮ್ಮ ಮನೆಯವರು. "ಕೂಡು."

"ಹೋದ ದೀಪಾವಳಿಗಿ ಹಿಂಗೇ ಅಂದು ದವಾಖಾನಿ ಸೇರಿದ್ದಿ. ನಿನ್ನ ಸಕ್ಕರಿ ನನಗ ಗೊತ್ತದ."

"ವೈಜು, ಬ್ಯಾಡಪಾ," ಎಂದೆ ನಾನು.

"ವೈನಿ, ಮಳಿ ಎಲ್ಲ್ಯದ್ರಿ? ಇದಕ್ಕಿಂತ ದೊಡ್ಡ ಹಳ್ಳ ಸಾಲಿಗಿ ಹೋಗುವಾಗ ದಾಟೀನಿ."

ಅವನು ಆತುರ ಮಾಡಲಿಲ್ಲ. ಪ್ಯಾಂಟು ಮಡಚಿದ, ಬೂಟಿನ ದಾರ ಬಿಗಿದ, ಹರಿವಿಗೆ ಎದುರಾಗಿ ನಿಂತು ಅಡ್ಡಡ್ಡ ಹೆಜ್ಜೆ ಇಟ್ಟ. ಹಳ್ಳ ದಾಟುವವರು ಇಡಬೇಕಾದದ್ದು ಹಾಗೆಯೇ. ನಡುವನ್ನು ದಾಟಿದ. ನೀರಿನೊಳಗೆ ಕಲ್ಲುಗಳು ಉರುಳುತ್ತಿದ್ದವು. ಟಿಪ್ಪರ್‌ನಿಂದ ಜಲ್ಲಿ ಸುರಿದ ಹಾಗೆ ಆ ಸದ್ದು. ಕೋಲು ಅವನ ಕೈಯಿಂದ ಹೋಯಿತು. ಅವನು ಕೋಲಿನ ಕಡೆ ನೋಡಿದ. ಆಮೇಲೆ, ಕೂತಿದ್ದ ಕುರ್ಚಿಯನ್ನು ಯಾರೋ ಎಳೆದ ಹಾಗೆ ಕುಸಿದ. ಒಂದು ಸಲ ತಲೆ ಕಂಡಿತು, ಒಂದು ಸಲ ಮೊಣಕೈ. ಅವನು ಕೂಗಲಿಲ್ಲ. ಕೂಗಿದ್ದರೂ ಕೇಳುತ್ತಿರಲಿಲ್ಲ.

ಅಂಬಿಕಾ ದಂಡೆಯ ಗುಂಟ ಓಡಿದಳು, ಬಂಡೆ ಅಡ್ಡ ಬರುವವರೆಗೆ. ನಮ್ಮ ಮನೆಯವರು ನೀರಿಗೆ ಇಳಿದಿದ್ದರು. ನಾನು ಅವರ ಅಂಗಿ ಹಿಡಿದಿದ್ದೆ, ಪೇಮಾ ನನ್ನ ಸೊಂಟ ಹಿಡಿದಿದ್ದಳು. ಅವಳು ಬಿಡಲಿಲ್ಲ.

ಹುಡುಕಿದ್ದು

ಹಳ್ಳಿಯವರು ಉದ್ದ ಗಳುಗಳನ್ನು ಹಿಡಿದು ಬಂದರು. ಕತ್ತಲಾಗುವವರೆಗೆ ಹುಡುಕಿದರು. ಬೆಳಕು ಹರಿದಾಗ ಹಳ್ಳದ ನೀರು ಮತ್ತೆ ಮೊಣಕಾಲಿನ ಕೆಳಗಿತ್ತು, ತಿಳಿಯಾಗಿತ್ತು. ಹಿಂದಿನ ದಿನ ದಾಟಿದ ಜಾಗದಲ್ಲೇ ನಡೆದು ದಾಟಿದೆವು.

ಗುಡಾರದೊಳಗೆ ಎಲ್ಲ ಒಣಗಿತ್ತು. ಗಡಿಗೆಯ ಬಟ್ಟೆಯಲ್ಲಿ ಇನ್ನೂ ಪಸೆ ಇತ್ತು, ಡಬ್ಬಿ ತಂಪಾಗಿತ್ತು. ನಾನು ಸೂಜಿ ತುಂಬಿದೆ. ನಮ್ಮ ಮನೆಯವರು ಬ್ಯಾಡ ಎನ್ನಲಿಲ್ಲ, ಅಂಗಿ ಎತ್ತಿ ಮುಖ ಆ ಕಡೆ ಹೊರಳಿಸಿದರು.

ಕಾಗಬೇನಿಯಿಂದ ನಾನು ಮಹಾನಂದಾಗೆ ಫೋನ್ ಮಾಡಿದೆ. ನಮ್ಮ ಮನೆಯವರಿಂದ ಆಗಲಿಲ್ಲ.

"ಮಹಾನಂದಾ, ವೈಜು ನೀರಾಗ ಹೋಗ್ಯಾನ. ಸಿಕ್ಕಿಲ್ಲ."

"ಎಷ್ಟು ಹೊತ್ತಾತಕ್ಕಾ?"

"ನಿನ್ನಿ ಸಂಜಿಗಿ."

"ನೀರು ಥಂಡ ಅವೇನು?"

"ಭಾಳ ಥಂಡ ಅವ."

ಅವಳ ಹಿಂದೆ ಆಸ್ಪತ್ರೆಯ ಸದ್ದು ಕೇಳುತ್ತಿತ್ತು, ಯಾರೋ ಸಿಸ್ಟರ್ ಎಂದು ಕರೆಯುತ್ತಿದ್ದರು. "ಹುಡುಕ್ರಿ," ಎಂದಳು. "ಹ್ಯಾಂಗೇ ಇರ್ಲಿ, ಮನಿಗಿ ತರ್ರಿ."

ಸಿಕ್ಕಿದ್ದು ಅದರ ಮರುದಿನ, ಹಳ್ಳ ದೊಡ್ಡ ನದಿಗೆ ಸೇರುವಲ್ಲಿ, ಕಲ್ಲುಗಳ ನಡುವೆ. ಕೊರಳಿನ ಶಿವದಾರ ಹರಿದಿತ್ತು. ಇಷ್ಟಲಿಂಗ ಇರಲಿಲ್ಲ.

ಜೋಮ್ಸೋಮ್

ಕಾಗಬೇನಿಯ ಕೆಳಗಿನ ಈ ಊರಿನಲ್ಲಿ ಆಸ್ಪತ್ರೆಯ ಕೆಲಸ, ಪೊಲೀಸರ ಕೆಲಸ ಮುಗಿಯಿತು. ಯಾರೂ ಒರಟಾಗಿ ನಡೆದುಕೊಳ್ಳಲಿಲ್ಲ. ಆದರೆ ಕೆಳಗೆ ಗುಡ್ಡ ಕುಸಿದು ದಾರಿ ಮುಚ್ಚಿತ್ತು. ಯಾವಾಗ ತೆರೆಯುತ್ತದೆಂದು ಹೇಳುವವರಿರಲಿಲ್ಲ. ತೆರೆದರೂ ಅಲ್ಲಿಂದ ಪೋಖರಾ, ಪೋಖರಾದಿಂದ ಗಡಿ, ಗಡಿಯಿಂದ ಉತ್ತರದ ಬಿಸಿಲು, ಆಮೇಲೆ ನಮ್ಮ ಬಿಸಿಲು. ದೇಹವನ್ನು ತಂಪಿನಲ್ಲಿಡುವ ವ್ಯವಸ್ಥೆ ಅಲ್ಲಿ ಸಿಗಲಿಲ್ಲ. ಒಯ್ಯಬೇಡಿ ಎಂದರು ಡಾಕ್ಟರು. ಕಾಗಬೇನಿಯ ಸಂಗಮದಲ್ಲಿ ದಹನ ಮಾಡಿದರೆ ಪುಣ್ಯವೆಂದು ಊರಿನ ಹಿರಿಯರೊಬ್ಬರು ಹೇಳಿದರು. ಕಟ್ಟಿಗೆ ದುರ್ಲಭವಾದ ಆ ಊರಿನಲ್ಲಿ ತಮ್ಮ ಮನೆಯ ತೊಲೆಗಳನ್ನು ಕೊಡುವುದಾಗಿಯೂ ಹೇಳಿದರು.

ನಾನು ಎಲ್ಲವನ್ನೂ ಮಹಾನಂದಾಗೆ ಹೇಳಿದೆ. ನರ್ಸ್ ಆದವಳಿಗೆ ಬಿಡಿಸಿ ಹೇಳುವುದು ಏನೂ ಇರಲಿಲ್ಲ. ಅವಳು ಒಂದೇ ಒಂದು ಸಲ, "ನಾ ಬರ್ಲೇನಕ್ಕಾ?" ಎಂದಳು. ದಾರಿ ಇಲ್ಲ ಎಂದೆ.

"ಹಂಗಾದ್ರ ಕೂಡಿಸ್ರಿ. ಸುಡಬ್ಯಾಡ್ರಿ."

ಪೇಮಾಳ ಹೊಲ

ನಮ್ಮಲ್ಲಿ ಸತ್ತವರನ್ನು ಕೂಡಿಸಿ ಮಣ್ಣು ಮಾಡುತ್ತಾರೆ. ಗುಂಡಿ ತೋಡಿ, ಅದರ ಒಂದು ಪಕ್ಕದಲ್ಲಿ ಗೂಡು ಕೊರೆದು, ಗೂಡಿನೊಳಗೆ ಕುಳ್ಳಿರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಡುತ್ತಾರೆ. ಮೇಲಿನ ಹಳ್ಳಿಗೆ ಮರಳಿ ಇದನ್ನು ಹಿಂದಿಯಲ್ಲಿ ಪೇಮಾಗೆ ಹೇಳುವಾಗ ನಮ್ಮ ಮನೆಯವರ ಮಾತು ಮೂರು ಕಡೆ ತುಂಡಾಯಿತು.

ಅವಳು ಎಲ್ಲ ಕೇಳಿ, "ಲಾಮಾಗಳನ್ನು ಹಾಗೆ ಕೂರಿಸುತ್ತಾರೆ," ಎಂದಳು. "ಇವರು ಲಾಮಾ ಆಗಿದ್ದರೇ?"

"ಇಲ್ಲ," ಎಂದರು ಅವರು. "ಗ್ಯಾರೇಜಿನ ಮೇಸ್ತ್ರಿ."

ಅವಳು ತನ್ನ ಮೇಲಿನ ಹೊಲದ ಮೂಲೆಯನ್ನು ತೋರಿಸಿದಳು. ನೀರು ಯಾವ ಕಾಲಕ್ಕೂ ಬಾರದ ಎತ್ತರ. ಊರಿನ ಗಂಡಸರು ಹಾರೆ ತಂದರು. ನಮ್ಮ ಯರೆ ನೆಲದಲ್ಲಿ ಇಷ್ಟು ಹೊತ್ತಿಗೆ ಎರಡು ಗುಂಡಿ ಆಗುತ್ತಿದ್ದವು. ಅಲ್ಲಿ ಹಾರೆ ಬಿದ್ದ ಕಡೆಯೆಲ್ಲ ಕಿಡಿ. ಮೂರು ಕಡೆ ಬಂಡೆ ಬಂತು. ಗುಡ್ಡದ ಬದಿಗೆ ಮಾತ್ರ ಮಣ್ಣಿತ್ತು, ಗೂಡನ್ನು ಅಲ್ಲಿ ಕೊರೆದರು.

ಬಿಲ್ವಪತ್ರೆ ಇರಲಿಲ್ಲ. ಅಲ್ಲಿ ಧೂಪಕ್ಕೆ ಬಳಸುವ ಒಂದು ಗಿಡದ ಎಲೆ ತಂದುಕೊಟ್ಟರು, ಅದನ್ನೇ ಹಾಕಿದೆವು. ವಿಭೂತಿ ನನ್ನ ಚೀಲದಲ್ಲಿತ್ತು. ಅಯ್ಯನವರಿಲ್ಲ, ಮಂತ್ರ ಹೇಳುವವರಿಲ್ಲ. ಅಂಬಿಕಾ "ಓಂ ನಮಃ ಶಿವಾಯ" ಎಂದು ಶುರು ಮಾಡಿದಳು, ನಾನು ಸೇರಿಕೊಂಡೆ.

ಕೈಯಲ್ಲಿ ಲಿಂಗ ಇಡುವ ಹೊತ್ತು ಬಂತು. ನಮ್ಮ ಮನೆಯವರು ತಮ್ಮ ಕೊರಳಿನ ಶಿವದಾರ ತೆಗೆದರು. ಹುಟ್ಟಿದಾಗ ಕಟ್ಟಿದ್ದು, ಸ್ನಾನಕ್ಕೂ ತೆಗೆಯದೇ ಇದ್ದದ್ದು. ಯಾರನ್ನೂ ಕೇಳಲಿಲ್ಲ. ಗುಂಡಿಗೆ ಇಳಿದು ಅದನ್ನು ತಮ್ಮನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದರು. ಒಂದು ಬೆರಳು ನಿಲ್ಲುತ್ತಿರಲಿಲ್ಲ. ಅದನ್ನು ಹಿಡಿದುಕೊಂಡು ಅಲ್ಲಿಯೇ ನಿಂತರು. ಮೇಲೆ ಬಾ ಎಂದು ಅವರಿಗೆ ಹೇಳುವ ಹಿರಿಯರು ಅಲ್ಲಿ ಯಾರೂ ಇರಲಿಲ್ಲ. ಕೊನೆಗೆ ಪೇಮಾ ಕೈ ಚಾಚಿದಳು.

ದಾರಿ ತೆರೆದ ಮೇಲೆ ಹೊರಟೆವು. ವೈಜಿನಾಥನ ಬೈಕನ್ನು ಅಂಬಿಕಾ ನಡೆಸಿದಳು. ಕಲಿಸಿದವನು ಅವನೇ. ದಾರಿಯುದ್ದಕ್ಕೂ ಮಗಳ ಬೆನ್ನನ್ನು ನೋಡುತ್ತಾ ಬಂದೆ, ನಡುವೆ ಎಲ್ಲಿಯೂ ಗುಡಾರ ಹೂಡಲಿಲ್ಲ.

ಭಾಲ್ಕಿ

ಮನೆಯ ಮುಂದೆ ಜನ ನಿಂತಿದ್ದರು. ಮಹಾನಂದಾ ನಮ್ಮ ಕಾಲಿಗೆ ನೀರು ಕೊಟ್ಟಳು. ಅವಳು ಅಳುವುದನ್ನು ನೋಡಲು ಬಂದವರು ಒಬ್ಬೊಬ್ಬರಾಗಿ ಎದ್ದು ಹೋದ ಮೇಲೆ ಅಡುಗೆಮನೆಯಲ್ಲಿ ನನ್ನ ಪಕ್ಕ ಕುಳಿತಳು. ಪಾಳಿ ಬದಲಾಗುವಾಗ ನರ್ಸುಗಳು ರೋಗಿಯ ಬಗ್ಗೆ ಕೇಳಿ ತಿಳಿದುಕೊಳ್ಳುತ್ತಾರಲ್ಲ, ಹಾಗೆ ಒಂದೊಂದಾಗಿ ಕೇಳಿದಳು.

"ಮಾರಿ ಕೆಟ್ಟಿತ್ತೇನಕ್ಕಾ?"

"ಇಲ್ಲ. ಹಣಿ ಮ್ಯಾಲ ಒಂದು ಗಾಯ. ಅಷ್ಟ."

"ಕಣ್ಣು?"

"ಮುಚ್ಚಿದ್ದವು."

"ವಿಭೂತಿ?"

"ಹಚ್ಚೀನಿ. ನಾನೇ ಹಚ್ಚೀನಿ."

ಅವಳು ಸೆರಗಿನ ಅಂಚನ್ನು ಮಡಚಿದಳು, ಬಿಚ್ಚಿದಳು.

"ಮಾರಿ ಯಾವ ಕಡಿ ಮಾಡಿ ಕೂಡಿಸೀರಿ?"

ಗೂಡು ಗುಡ್ಡದ ಬದಿಗಿತ್ತು. ಗೂಡಿನಲ್ಲಿ ಕೂತವರ ಬೆನ್ನು ಗುಡ್ಡಕ್ಕೆ, ಮುಖ ಇಳಿಜಾರಿಗೆ. ಅಲ್ಲಿ ನಿಂತಾಗ ನನಗೆ ಅದು ಹೊಳೆದಿರಲಿಲ್ಲ, ದಾರಿಯಲ್ಲಿ ಹೊಳೆದಿತ್ತು. ನಾನು ಅವಳಿಗೆ ಇದ್ದದ್ದನ್ನೇ ಹೇಳಿದೆ.

"ಕೆಳಗ. ಹಳ್ಳದ ಕಡಿ."

ಅವಳು ಸೆರಗನ್ನು ಕೈಬಿಟ್ಟಳು.

"ಜರಾ ತಿರುಗಿಸಿ ಕೂಡಸಬೇಕಿತ್ತಕ್ಕಾ," ಎಂದಳು. "ಇನ್ನ ದಿನಾ ಅದನ್ನೇ ನೋಡ್ಕೋತ ಕೂಡ್ತಾರ."